ಬರೆಯುವುದು ಎಂದರೆ

ಕಳೆದ ಬೇಸಿಗೆ ರಜೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿಗೆ ಎಣಿಕೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಪಾಠ ಹೇಳಿದವಳಿಗೆ ಇದೇನು ಮಹಾ ಎಂದುಕೊಂಡು ಹುಣಸೆಬೀಜ, ಅವರೆಕಾಳು, ಬಳೆಚೂರು ಎಲ್ಲವನ್ನೂ ಚಾಪೆಯ ಮೇಲೆ ಹರಡಿಕೊಂಡು ಕುಳಿತೆ. ಅವಳು ಅವರೆಕಾಳನ್ನು ಮೂಗಿಗೆ ತುರುಕಿಕೊಳ್ಳಲು ನೋಡಿದಳೇ ಹೊರತು ಮೂರರಿಂದ ಮುಂದಕ್ಕೆ ಹೋಗಲಿಲ್ಲ. ಮಗಳು ನಕ್ಕು, ಬೆಂಗಳೂರಿನಿಂದ ತಂದಿದ್ದ ಚೀಲದಿಂದ ಒಂದು ಪುಸ್ತಕ ತೆಗೆದುಕೊಟ್ಟಳು. ಅದರ ಹೆಸರು ‘ವನ್, ಟೂ, ಟ್ರೀ!’ ಇಂಗ್ಲಿಷಿನ ಮೂರಕ್ಕೂ ಮರಕ್ಕೂ ಸೇರಿಸಿ ಮಾಡಿದ ತಮಾಷೆ. ಪುಟ ತಿರುವಿದಂತೆ ಒಂದರಿಂದ ಹತ್ತರವರೆಗೆ ಪ್ರಾಣಿಗಳು ಬಂದು ಒಂದೇ ಮರವನ್ನು ಹತ್ತುತ್ತವೆ. ಮರ ಯಾರನ್ನೂ ಬೇಡ ಅನ್ನುವುದಿಲ್ಲ. ಕಥೆ ಅಷ್ಟೇ. ಸಂಜೆಯ ಹೊತ್ತಿಗೆ ನನ್ನ ಮೊಮ್ಮಗಳು ಹತ್ತರವರೆಗೆ ಎಣಿಸುತ್ತಿದ್ದಳು. ಎಣಿಸಿ ಮುಗಿದ ಮೇಲೆ, “ಅಜ್ಜಿ, ನೀನೂ ಹತ್ತು” ಎಂದು ನನ್ನನ್ನೂ ಆ ಮರಕ್ಕೆ ಕರೆದಳು.

ರಾತ್ರಿ ಮಗು ಮಲಗಿದ ಮೇಲೆ ಪುಸ್ತಕವನ್ನು ಮತ್ತೆ ತೆಗೆದು ನೋಡಿದೆ. ಮಾತು ಅನುಷ್ಕಾ ರವಿಶಂಕರ್ ಮತ್ತು ಸಿರೀಶ್ ರಾವ್ ಅವರದು, ಚಿತ್ರ ದುರ್ಗಾಬಾಯಿ ಎಂಬವರದು. ಚೆನ್ನೈನ ತಾರಾ ಬುಕ್ಸ್ 2003ರಲ್ಲಿ ಹೊರತಂದದ್ದು.

“ಅಮ್ಮ, ಈ ಚಿತ್ರ ಬರೆದವರು ಶಾಲೆಗೇ ಹೋದವರಲ್ಲವಂತೆ, ಗೊತ್ತಾ?” ಎಂದಳು ಮಗಳು.

ಬಿ.ಎ., ಬಿ.ಎಡ್. ಮಾಡಿದ ಅಜ್ಜಿಯ ಕೈಯಲ್ಲಿ ಆಗದ ಕೆಲಸವನ್ನು ಶಾಲೆಯ ಮೆಟ್ಟಿಲನ್ನೇ ಹತ್ತದ ಹೆಂಗಸೊಬ್ಬಳು ಮಾಡಿಬಿಟ್ಟಳಲ್ಲ! ಮೊದಲು ಬಂದದ್ದು ನಗು. ಆಮೇಲೆ ಬಂದದ್ದು ನಗುವಲ್ಲ. ಅದನ್ನು ಹೇಳುವುದಕ್ಕೇ ಈ ಬರಹ.

ದುರ್ಗಾಬಾಯಿ ವ್ಯಾಮ್ ಹುಟ್ಟಿದ್ದು ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬುರ್ಬಾಸ್‌ಪುರ ಎಂಬ ಹಳ್ಳಿಯಲ್ಲಿ, 1973ರ ಸುಮಾರಿಗೆ. ಅಂದರೆ ಹೆಚ್ಚುಕಡಿಮೆ ನನ್ನ ಓರಗೆಯವರು. ಅವರು ಪರಧಾನ್ ಗೊಂಡರು. ಪರಧಾನರೆಂದರೆ ಗೊಂಡ ಸಮುದಾಯದ ಹಾಡುಗಾರರು. ‘ಬಾನಾ’ ಎಂಬ ತಂತಿವಾದ್ಯ ನುಡಿಸುತ್ತ, ಒಡೆಯರ ಮನೆಗಳ ವಂಶಾವಳಿಯನ್ನೂ ಬಡಾದೇವನ ಕಥೆಗಳನ್ನೂ ಹಾಡಿಕೊಂಡು ಬಂದವರು. ಅವರ ಮನೆಗಳಲ್ಲಿ ಹಬ್ಬಕ್ಕೆ, ಮದುವೆಗೆ ನೆಲಕ್ಕೂ ಗೋಡೆಗೂ ಬಣ್ಣದ ಮಣ್ಣಿನಿಂದ ‘ಡಿಗ್ನಾ’ ಎಂಬ ಚಿತ್ತಾರ ಬರೆಯುತ್ತಾರೆ. ಅದು ಹೆಣ್ಣುಮಕ್ಕಳ ಕೆಲಸ. ದುರ್ಗಾಬಾಯಿ ಆರು ವರ್ಷದ ಹುಡುಗಿಯಾಗಿದ್ದಾಗಲೇ ತಾಯಿಯ ಪಕ್ಕ ಕುಳಿತು ಅದನ್ನು ಕಲಿತರು. ಆ ವಯಸ್ಸಿನಲ್ಲಿ ನಾನು ನಮ್ಮೂರ ಶಾಲೆಯಲ್ಲಿ ಬಳಪ ಹಿಡಿದು ‘ಅ’ ತಿದ್ದುತ್ತಿದ್ದೆ. ಹದಿನೈದು ವರ್ಷಕ್ಕೆ ಅವರಿಗೆ ಸುಭಾಷ್ ವ್ಯಾಮ್ ಅವರ ಜೊತೆ ಮದುವೆಯಾಯಿತು. ಆ ವಯಸ್ಸಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೆಳಗಿನ ಜಾವ ಎದ್ದು ಓದುತ್ತಿದ್ದೆ. ಹೀಗೆ ನಮ್ಮಿಬ್ಬರ ವರ್ಷಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡುವ ಚಟ ಆ ರಾತ್ರಿಯಿಂದ ನನಗೆ ಅಂಟಿಕೊಂಡಿತು.

ಗೋಡೆಯ ಚಿತ್ತಾರ ಕಾಗದಕ್ಕೆ ಬಂದದ್ದಕ್ಕೂ ಒಂದು ಕಥೆಯಿದೆ. 1980ರ ದಶಕದ ಆರಂಭದಲ್ಲಿ ಭೋಪಾಲದಲ್ಲಿ ಭಾರತ ಭವನ ಕಟ್ಟುತ್ತಿದ್ದಾಗ, ಚಿತ್ರಕಲಾವಿದ ಜೆ. ಸ್ವಾಮಿನಾಥನ್ ಅವರ ತಂಡದವರು ಊರೂರು ತಿರುಗಿ ಆದಿವಾಸಿ ಕಲಾವಿದರನ್ನು ಹುಡುಕಿದರು. ಪಾಟನ್‌ಗಢದ ತರುಣ ಜನಗಢ ಸಿಂಗ್ ಶ್ಯಾಮ್ ಹಾಗೆ ಅವರ ಕಣ್ಣಿಗೆ ಬಿದ್ದರು. ಹಾಡಿನಲ್ಲಿದ್ದ ದೇವರುಗಳನ್ನೂ ಪ್ರಾಣಿಗಳನ್ನೂ ಅವರು ಚುಕ್ಕಿ, ಗೆರೆಗಳಿಂದ ತುಂಬಿ ಕಾಗದಕ್ಕೆ ಇಳಿಸಿದರು. ಬಂಧುಬಳಗದ ಹುಡುಗ ಹುಡುಗಿಯರನ್ನು ಭೋಪಾಲಕ್ಕೆ ಕರೆಸಿ ಕುಂಚ ಕೊಟ್ಟರು. ಹೆಸರು ದೇಶ ದಾಟಿತು. ಆದರೆ 2001ರಲ್ಲಿ ಜಪಾನಿನ ಒಂದು ವಸ್ತುಸಂಗ್ರಹಾಲಯದಲ್ಲಿ ಚಿತ್ರ ಬರೆಯುತ್ತಿದ್ದಾಗ, ಇನ್ನೂ ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಸುಭಾಷ್ ಅವರ ಅಕ್ಕತಂಗಿಯರಲ್ಲಿ ಒಬ್ಬರಾದ ನನಕುಸಿಯಾ ಈ ಜನಗಢ ಅವರ ಹೆಂಡತಿ. ಹಾಗಾಗಿ ದುರ್ಗಾಬಾಯಿ ಮತ್ತು ಸುಭಾಷ್ 1990ರ ದಶಕದಲ್ಲಿ ಭೋಪಾಲಕ್ಕೆ ಬಂದಾಗ ಕುಂಚ ಹಿಡಿಯಲು ಮನೆಯವರದೇ ಒತ್ತಾಸೆಯಿತ್ತು. 2022ರಲ್ಲಿ ದುರ್ಗಾಬಾಯಿಗೆ ಪದ್ಮಶ್ರೀ ಬಂತು.

ನಮ್ಮ ಭಾಷೆಯಲ್ಲಿ ಒಂದು ಸೊಗಸಿದೆ, ನೀವು ಗಮನಿಸಿದ್ದೀರೋ ಇಲ್ಲವೋ. ನಾವು ಪತ್ರ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಇಂಗ್ಲಿಷಿನವರಿಗೆ ಅದಕ್ಕೆ ಬೇರೆ, ಇದಕ್ಕೆ ಬೇರೆ ಮಾತು. ನಮಗೆ ಎರಡಕ್ಕೂ ಒಂದೇ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಪುಂಡಿನಾರಿನ ಕುಂಚ ಹಿಡಿದು, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಮದುವೆಗೆ ಹಸೆ ಬರೆಯುತ್ತಾರೆ. ‘ಹಸೆ ಬರೆಯುವುದು’ ಎಂದೇ ಹೇಳುತ್ತಾರೆ. ಇಷ್ಟು ಚೆಂದದ ಮಾತನ್ನು ದಿನವೂ ಆಡುತ್ತಿದ್ದ ನಾನು, ಕನ್ನಡವನ್ನೇ ಪಾಠ ಮಾಡುತ್ತಿದ್ದ ನಾನು, ಅದರ ಅರ್ಥ ತಿಳಿಯದೆ ಒಂದು ತಪ್ಪು ಮಾಡಿದೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳು. ಕಾಡಂಚಿನ ಒಂದು ಪ್ರೌಢಶಾಲೆ. ಕನ್ನಡದ ಜೊತೆಗೆ ಸಮಾಜವಿಜ್ಞಾನವೂ ನನ್ನ ತಲೆಗೆ ಬಿದ್ದಿತ್ತು. ಎಂಟನೆಯ ತರಗತಿಗೆ ಹಾಡಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು, ಆ ಹಾಡಿಯಿಂದ ಅಲ್ಲಿಯವರೆಗೆ ಬಂದವಳು ಅವಳೊಬ್ಬಳೇ. ಹೆಸರು ಹೇಳುವುದಿಲ್ಲ. ಅವಳೀಗ ನಡುವಯಸ್ಸಿನ ಹೆಂಗಸು. ತಾನು ಎಂದೋ ಮರೆತಿರಬಹುದಾದ ವಿಷಯಕ್ಕೆ ಅವಳನ್ನು ಎಳೆಯುವುದು ಬೇಡ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪಾಣಿಪತ್ ಕದನದ ಪರಿಣಾಮಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಅವಳು ಒಂದು ಆನೆ ಬರೆದಿದ್ದಳು. ಆನೆಯ ಹೊಟ್ಟೆಯೊಳಗೆ ಮರಗಳು, ಮರದ ಮೇಲೆ ಹಕ್ಕಿಗಳು, ಬುಡದಲ್ಲಿ ಬಿದ್ದ ಮನುಷ್ಯರು. ಉತ್ತರಪತ್ರಿಕೆ ಹಂಚುವ ದಿನ ಅವಳನ್ನು ಎಬ್ಬಿಸಿ ನಿಲ್ಲಿಸಿ, “ಯಾಕೆ ಏನೂ ಬರೆದಿಲ್ಲ?” ಎಂದು ಕೇಳಿದೆ.

“ಬರ್ದಿದೀನಲ್ಲ ಮಿಸ್” ಎಂದಳು.

ತರಗತಿ ನಕ್ಕಿತು. ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, “ಬರೆಯೋಕೆ ಬರದಿದ್ದರೆ ಶಾಲೆಗೆ ಯಾಕೆ ಬರ್ತೀಯ?” ಎಂದೆ. ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಬಡತನ, ದೂರದ ದಾರಿ, ಮನೆಗೆಲಸ, ಕಾರಣ ನೂರಿದ್ದಾವು. ಅದರಲ್ಲಿ ನನ್ನ ಮಾತು ಎಷ್ಟನೆಯದು ಎಂದು ನಾನು ಎಣಿಸಲಾರೆ.

ಮಗಳಿಗೆ ಹೇಳಿ ದುರ್ಗಾಬಾಯಿಯ ಬೇರೆ ಪುಸ್ತಕಗಳನ್ನೂ ತರಿಸಿದೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು 2006ರ ‘ದ ನೈಟ್ ಲೈಫ್ ಆಫ್ ಟ್ರೀಸ್’, ಮರಗಳ ರಾತ್ರಿಯ ಬದುಕು. ದುರ್ಗಾಬಾಯಿಯ ಜೊತೆ ಭಜ್ಜು ಶ್ಯಾಮ್ ಮತ್ತು ರಾಮ್ ಸಿಂಗ್ ಉರ್ವೇತಿ ಸೇರಿ ಮಾಡಿದ್ದು. ಕೈಯಿಂದ ತಯಾರಿಸಿದ ಕಪ್ಪು ಕಾಗದ, ಅದರ ಮೇಲೆ ಒಂದೊಂದೇ ಬಣ್ಣವನ್ನು ಕೈಯಿಂದಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡಿದ ಚಿತ್ರ. ಪುಟ ಮುಟ್ಟಿದರೆ ಬಣ್ಣದ ದಪ್ಪ ಬೆರಳಿಗೆ ಸಿಗುತ್ತದೆ. ಇಟಲಿಯ ಬೊಲೋನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ 2008ರಲ್ಲಿ ಇದಕ್ಕೆ ಪ್ರಶಸ್ತಿ ಬಂತು. ಗೊಂಡರ ನಂಬಿಕೆಯಲ್ಲಿ ಮರ ಹಗಲೆಲ್ಲ ದುಡಿಯುತ್ತದೆ. ನೆರಳು ಕೊಡಬೇಕು, ಹಣ್ಣು ಕೊಡಬೇಕು, ಬಂದವರಿಗೆಲ್ಲ ತಾವು ಕೊಡಬೇಕು. ಎಲ್ಲರೂ ಹೊರಟುಹೋದ ಮೇಲೆ, ರಾತ್ರಿ, ಅದಕ್ಕೆ ಬಿಡುವು. ಆಗ ಅದರ ನಿಜವಾದ ರೂಪ ಹೊರಗೆ ಬರುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಮರವಲ್ಲ, ನನ್ನ ಅಮ್ಮ. ರಾತ್ರಿ ಪಾತ್ರೆ ತೊಳೆದು, ಒಲೆ ಸಾರಿಸಿ, ಎಲ್ಲರೂ ಮಲಗಿದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕುಳಿತು ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಹಗಲಲ್ಲಿ ಅವಳು ಹಾಡಿದ್ದನ್ನು ನಾವು ಯಾರೂ ಕೇಳಿಲ್ಲ. ಪಟ್ಟಣದ ಮನೆಗಳಲ್ಲಿರುವ ನಮಗೂ ನಿಮಗೂ ಈ ಪುಸ್ತಕ ಅರ್ಥವಾಗಲು ಗೊಂಡರ ಪುರಾಣ ತಿಳಿದಿರಬೇಕಾಗಿಲ್ಲ. ಕಪ್ಪು ಕಾಗದದ ಮೇಲೆ ಒಳಗಿನಿಂದ ಬೆಳಗುವ ಆ ಮರಗಳನ್ನು ನೋಡಿದರೆ ಸಾಕು. ಎಲೆಗೆ ಎಲೆಯ ಬಣ್ಣವೇ ಇರಬೇಕೆಂಬ ಹಟ ಇವುಗಳಿಗಿಲ್ಲ. ಭೂಮಿಯನ್ನು ಹಾವು ಸುತ್ತಿ ಹಿಡಿದಿದೆ, ಮರದ ಬೇರೂ ಹಾಗೆಯೇ ಹಿಡಿದಿದೆ, ಆದ್ದರಿಂದ ಬೇರು ಬರೆದರೂ ಹಾವು ಬರೆದರೂ ಒಂದೇ ಎಂಬ ತರ್ಕ ಇಲ್ಲಿನದು. ಆನೆಯ ಹೊಟ್ಟೆಯಲ್ಲಿ ಕಾಡು ಬರೆದವಳ ತರ್ಕವೂ ಇದೇ ಆಗಿತ್ತೇನೋ. ಯುದ್ಧದ ಪರಿಣಾಮ ಏನು ಎಂದು ನಾನು ಕೇಳಿದ್ದೆ. ಕಾಡಿನಿಂದ ಹಿಡಿದು ತಂದ ಆನೆ, ಅದರ ಕಾಲಡಿಗೆ ಬಿದ್ದ ಜನ. ಉತ್ತರ ಅಲ್ಲಿಯೇ ಇತ್ತು. ನಾನು ಅಕ್ಷರ ಹುಡುಕುತ್ತಿದ್ದೆ.

ಇನ್ನೊಂದು ಪುಸ್ತಕ ‘ಸುಲ್ತಾನಾಸ್ ಡ್ರೀಮ್’, ಸುಲ್ತಾನಾಳ ಕನಸು. ಬಂಗಾಳದ ರುಕಿಯಾ ಸಖಾವತ್ ಹುಸೇನ್ ಇದನ್ನು ಬರೆದದ್ದು ಇಂಗ್ಲಿಷಿನಲ್ಲಿ. 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಝಿನ್’ ಅದನ್ನು ಪ್ರಕಟಿಸಿತು. ಕನಸಿನ ಆ ನಾಡಿನಲ್ಲಿ ಗಂಡಸರು ಮನೆಯೊಳಗೆ ಪರದೆಯಲ್ಲಿ, ಹೆಂಗಸರು ರಾಜ್ಯಭಾರದಲ್ಲಿ. ಅಡುಗೆ ಆಗುವುದು ಬಿಸಿಲಿನ ಶಾಖದಲ್ಲಿ, ಹೊಗೆಯಿಲ್ಲ, ಮಸಿಯಿಲ್ಲ. ಗಾಳಿಯಲ್ಲಿ ಹಾರುವ ವಾಹನಗಳಿವೆ. ಒಲೆಯ ಮುಂದೆ ಕಣ್ಣುಜ್ಜಿಕೊಂಡ ಯಾವ ಹೆಂಗಸಿಗೆ ಈ ನಾಡು ಬೇಡ! ಸರಿಯಾಗಿ ನೂರು ವರ್ಷದ ಮೇಲೆ, 2005ರಲ್ಲಿ, ಅದೇ ಊರಿನ ತಾರಾ ಬುಕ್ಸ್ ಈ ಕಥೆಗೆ ದುರ್ಗಾಬಾಯಿಯಿಂದ ಚಿತ್ರ ಬರೆಸಿತು.

ರುಕಿಯಾರ ಮನೆಯಲ್ಲಿ ಹೆಣ್ಣುಮಕ್ಕಳು ಇಂಗ್ಲಿಷ್ ಕಲಿಯುವಂತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣ ದೀಪ ಹಚ್ಚಿಕೊಂಡು ಕದ್ದು ಕಲಿಸಿದ. ಆಕೆ ಮುಂದೆ 1911ರಲ್ಲಿ ಕೊಲ್ಕತ್ತದಲ್ಲಿ ಗಂಡನ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಕದ್ದು ಅಕ್ಷರ ಕಲಿತವಳ ಕಥೆಗೆ ಅಕ್ಷರವೇ ಸಿಗದವಳು ಚಿತ್ರ ಬರೆದದ್ದು ನನಗೆ ಬರಿಯ ಯೋಗಾಯೋಗ ಅನ್ನಿಸುವುದಿಲ್ಲ. ರುಕಿಯಾರ ನಾಡಿನ ಹೆಂಗಸರು ಇಲ್ಲಿ ಮಂಡ್ಲಾದ ಹೆಂಗಸರಂತೆಯೇ ಕಾಣುತ್ತಾರೆ. ಆದರೆ ಒಂದು ಮಾತು ಹೇಳಲೇಬೇಕು. ರುಕಿಯಾರ ಬರಹದಲ್ಲಿ ಗಂಡಸರ ಮೇಲೊಂದು ತಣ್ಣನೆಯ ಗೇಲಿಯಿದೆ, ಓದುತ್ತ ಸೆರಗು ಬಾಯಿಗಿಟ್ಟುಕೊಂಡು ನಗಬೇಕು ಅಂಥದ್ದು. ಚಿತ್ರಗಳಲ್ಲಿ ಆ ನಗು ಕಡಿಮೆ. ಅವು ಗಂಭೀರವಾಗಿ, ಪೂಜೆಗೆ ಕುಳಿತಂತೆ ಇವೆ. ಕಥೆಯ ಜೊತೆ ಅವು ನಡೆಯುತ್ತವೆ, ಆದರೆ ಕೈಹಿಡಿದು ಓಡುವುದಿಲ್ಲ.

ಓಡುವುದು ‘ಭೀಮಾಯಣ’ದಲ್ಲಿ. 2011ರಲ್ಲಿ ನವಯಾನ ಪ್ರಕಟಿಸಿದ ಈ ಚಿತ್ರಕಥೆಯಲ್ಲಿ ಡಾ. ಅಂಬೇಡ್ಕರ್ ಅನುಭವಿಸಿದ ಅಸ್ಪೃಶ್ಯತೆಯ ಪ್ರಸಂಗಗಳಿವೆ. ಕಥೆ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು, ಚಿತ್ರ ದುರ್ಗಾಬಾಯಿ ಮತ್ತು ಸುಭಾಷ್ ದಂಪತಿಯದು. ನೀರು, ಆಸರೆ, ಪಯಣ ಎಂದು ಮೂರು ಭಾಗ. ಸಾಮಾನ್ಯ ಚಿತ್ರಕಥೆಗಳಂತೆ ಇಲ್ಲಿ ಚೌಕದ ಮನೆಗಳಿಲ್ಲ. ಮನುಷ್ಯರನ್ನು ಪೆಟ್ಟಿಗೆಯೊಳಗೆ ಕೂಡಿಹಾಕಲು ಕಲಾವಿದರು ಒಪ್ಪಲಿಲ್ಲ. ಪುಟವನ್ನು ಬಿಡಿಸುವುದು ಡಿಗ್ನಾದ ಬಳುಕುವ ಗೆರೆ. ತಾಯಿ ಆರು ವರ್ಷದ ಹುಡುಗಿಗೆ ಗೋಡೆಯ ಮೇಲೆ ಕಲಿಸಿದ ಗೆರೆ ಅಂಬೇಡ್ಕರರ ಬದುಕನ್ನು ಹೊತ್ತು ನಡೆಯುತ್ತದೆ. ರೈಲು ಹಾವಾಗುತ್ತದೆ, ಕೋಟೆ ಬಾಯಿ ತೆರೆದ ಮೃಗವಾಗುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಮಾತಿನ ಗುಳ್ಳೆಗಳು. ಚಿತ್ರಕಥೆಯಲ್ಲಿ ಪಾತ್ರದ ಬಾಯಿಂದ ಹೊರಟ ಗುಳ್ಳೆಯೊಳಗೆ ಮಾತು ಬರೆಯುತ್ತಾರಲ್ಲ, ಅದು. ದುರ್ಗಾಬಾಯಿ ಮತ್ತು ಸುಭಾಷ್ ಮೂರು ಬಗೆ ಮಾಡಿದ್ದಾರೆ. ಮೃದುವಾಗಿ ಮಾತಾಡುವವರ ಗುಳ್ಳೆ ಹಕ್ಕಿಯ ಆಕಾರದ್ದು. ಮನಸ್ಸಿನೊಳಗಿನ ಮಾತಿಗೆ ಒಂದು ಕಣ್ಣು. ಇನ್ನೊಬ್ಬರನ್ನು ನೋಯಿಸುವ, ದೂರವಿಡುವ ಮಾತಿಗೆ ಚೇಳಿನ ಬಾಲ.

ಸಾತಾರಾದ ಶಾಲೆಯಲ್ಲಿ ಬಾಲಕ ಭೀಮ ತಾನೇ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತುಕೊಳ್ಳಬೇಕು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಅಂಬೇಡ್ಕರ್ ಇದನ್ನು ಬರೆದಿದ್ದಾರೆ, ನಾವು ಮಕ್ಕಳಿಗೆ ಪಾಠ ಮಾಡಿಯೂ ಇದ್ದೇವೆ. ಪಾಠ ಮಾಡುವಾಗ ನಾವು ಯಾವಾಗಲೂ ಭೀಮನ ಪಕ್ಷ. ಚೇಳಿನ ಬಾಲ ನೋಡಿದ ಮೇಲೆ ನನಗೆ ಆ ಧೈರ್ಯ ಉಳಿಯಲಿಲ್ಲ. “ಬರೆಯೋಕೆ ಬರದಿದ್ದರೆ ಶಾಲೆಗೆ ಯಾಕೆ ಬರ್ತೀಯ?” ಎಂಬ ನನ್ನ ಮಾತನ್ನು ಈ ದಂಪತಿ ಬರೆದಿದ್ದರೆ ಯಾವ ಗುಳ್ಳೆಯಲ್ಲಿ ಬರೆಯುತ್ತಿದ್ದರು? ಇದು ಕಠಿಣ ಪ್ರಶ್ನೆಯೇನಲ್ಲ. ಎಂಟನೆಯ ತರಗತಿಯ ಯಾವ ಮಗುವೂ ಉತ್ತರ ಹೇಳೀತು.

ಈ ಪುಸ್ತಕದಲ್ಲೂ ನನಗೆ ಒಪ್ಪಿಗೆಯಾಗದ್ದು ಇದೆ. ಕಥೆಯ ಸುತ್ತ, ಇಂದಿನ ಕಾಲದ ಇಬ್ಬರು ಬಸ್‌ಸ್ಟಾಪಿನಲ್ಲಿ ಮೀಸಲಾತಿಯ ಬಗ್ಗೆ ಮಾತಾಡುವ ಒಂದು ಕಟ್ಟು ಹಾಕಿದ್ದಾರೆ. ಅಲ್ಲಿ ಮಾತು ಭಾಷಣವಾಗುತ್ತದೆ. ಚಿತ್ರ ಒಂದೇ ಏಟಿಗೆ ಹೇಳಿದ್ದನ್ನು ಮಾತು ಮತ್ತೆ ವಿವರಿಸಲು ಕೂರುತ್ತದೆ. ಇದು ನಮ್ಮಂಥ ಮೇಷ್ಟ್ರು, ಟೀಚರುಗಳ ರೋಗ. ನನಗೆ ಗುರುತು ಸಿಗದೇ ಇರುತ್ತದೆಯೇ!

ದುರ್ಗಾಬಾಯಿಯ ಪುಸ್ತಕಗಳ ಮೇಲೆ ನನ್ನ ದೊಡ್ಡ ದೂರು ಬೇರೆ. ಇವರು ಕಥೆಯನ್ನು ಬಾಯಲ್ಲಿ ಹೇಳುತ್ತಾರೆ, ನನ್ನ ಕೈಗೆ ಬಂದದ್ದು ಇಂಗ್ಲಿಷ್. ನಡುವೆ ಕೇಳಿಸಿಕೊಂಡವರು, ತಿದ್ದಿದವರು, ಅಂದಗೊಳಿಸಿದವರು ಇದ್ದಾರೆ. ಪ್ರಕಾಶಕರು ಚಿತ್ರ ಬರೆದವರ ಹೆಸರನ್ನು ಮರೆಯಲ್ಲಿಟ್ಟಿಲ್ಲ ಎಂಬುದು ಮೆಚ್ಚುವ ಮಾತು. ಆದರೂ ಹೇಳಿದವಳ ದನಿಯ ಏರಿಳಿತ ನನಗೆ ಕೇಳಿಸಲಿಲ್ಲ. ಮತ್ತೆ, ಕೈಯಿಂದ ಅಚ್ಚಾದ ಅಂಥ ಪುಸ್ತಕದ ಬೆಲೆ ನಮ್ಮಂಥ ಊರಿನ ಶಾಲೆಯ ಗ್ರಂಥಾಲಯಕ್ಕೆ ಎಟುಕುವಂಥದ್ದಲ್ಲ. ಮಣ್ಣಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತಿದ್ದ ಚಿತ್ತಾರ ಉಳ್ಳವರ ಮನೆಯ ಗಾಜಿನ ಕಪಾಟು ಸೇರಿತಲ್ಲ ಎಂಬ ಸಂಕಟ ನನಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ಯಾರಾದರೂ, “ನೋಡಿ, ಶಾಲೆಗೆ ಹೋಗದಿದ್ದರೂ ಪದ್ಮಶ್ರೀ ಬರುತ್ತದೆ” ಎಂದು ನಗಬಹುದು. ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಶಾಲೆ ಇಲ್ಲದ್ದು ದುರ್ಗಾಬಾಯಿಗೆ ಸಿಕ್ಕ ವರವಲ್ಲ, ಆದ ಅನ್ಯಾಯ. ಒಬ್ಬ ದುರ್ಗಾಬಾಯಿಯ ಹಿಂದೆ ಗೋಡೆಯ ಮೇಲೆ ಬರೆದು, ಮಳೆಗೆ ಅಳಿಸಿಹೋಗಿ, ಹೆಸರಿಲ್ಲದೆ ಹೋದ ಎಷ್ಟೋ ಹೆಂಗಸರು ಇದ್ದಾರೆ. ನಾನು ಕಂಡದ್ದು ಇಷ್ಟು. ರುಕಿಯಾರಿಗೆ ಶಾಲೆಯ ಬಾಗಿಲು ಹಗಲಿನಲ್ಲಿ ಮುಚ್ಚಿತ್ತು. ಭೀಮನಿಗೆ ಬಾಗಿಲು ತೆರೆದಿತ್ತು, ಒಳಗೆ ನೀರಿರಲಿಲ್ಲ. ದುರ್ಗಾಬಾಯಿಗೆ ಬಾಗಿಲೇ ಇರಲಿಲ್ಲ. ಈ ಮೂವರೂ ಕೂಡಿದ್ದು ದುರ್ಗಾಬಾಯಿಯ ಕುಂಚದ ತುದಿಯಲ್ಲಿ. ತರಗತಿಯನ್ನು ಒಮ್ಮೆಯೂ ಒಳಗಿನಿಂದ ನೋಡದವರು, ಅಲ್ಲಿ ಒಬ್ಬ ಹುಡುಗ ಒಂಟಿಯಾಗಿ ಕುಳಿತಿರುವುದನ್ನು ನನಗಿಂತ ಚೆನ್ನಾಗಿ ಕಂಡರು. ನಾನು ಮೂವತ್ತು ವರ್ಷ ಒಳಗೇ ಇದ್ದೆ, ಮೇಜಿನ ಈ ಕಡೆಯಿಂದ ಅಷ್ಟು ಕಾಣಲಿಲ್ಲ. ಅವರ ಪುಸ್ತಕಗಳ ಬೆಲೆ ನನಗೆ ಗೊತ್ತಾದದ್ದು ಬೊಲೋನ್ಯಾದಿಂದಲೂ ಅಲ್ಲ, ದೆಹಲಿಯಿಂದಲೂ ಅಲ್ಲ, ಇದರಿಂದ.

ನಿವೃತ್ತಿಗೆ ಇನ್ನು ಎರಡು ವರ್ಷವಿದೆ. ಈ ಸಲದ ಉತ್ತರಪತ್ರಿಕೆಗಳ ಕಟ್ಟು ಬಂದಾಗ ಒಂದು ಹೊಸ ಅಭ್ಯಾಸ ಮಾಡಿಕೊಂಡೆ. ಅಂಕ ಕೂಡುವ ಮೊದಲು ಕೊನೆಯ ಪುಟದ ಹಿಂಭಾಗ ತಿರುವಿ ನೋಡುತ್ತೇನೆ, ಅಂಚುಗಳನ್ನೂ ನೋಡುತ್ತೇನೆ. ಹೆಚ್ಚಿನವು ಖಾಲಿ. ಕೆಲವದರಲ್ಲಿ ಸಿನಿಮಾ ನಟನ ಹೆಸರು, ಹೃದಯದ ಚಿತ್ರ, ಕೂಡಿದ ಕಳೆದ ಲೆಕ್ಕ. ಒಂದರಲ್ಲಿ ಮಾತ್ರ ಒಂದು ನವಿಲು ಇತ್ತು. ಗರಿಯ ಒಂದೊಂದು ಕಣ್ಣಿನೊಳಗೂ ಒಂದೊಂದು ಮುಖ. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಆ ಹುಡುಗಿಯನ್ನು ಸ್ಟಾಫ್‌ರೂಮಿಗೆ ಕರೆದು ಕೇಳಿದೆ.

“ಇದನ್ನ ನೀನೇ ಬರೆದದ್ದಾ?”

ಹೆದರಿಕೊಂಡು ನಿಂತಿದ್ದಳು. “ಸುಮ್ನೆ ಬರ್ದೆ ಮಿಸ್” ಎಂದಳು.

“ಚೆನ್ನಾಗಿ ಬರೆದಿದ್ದೀಯ. ಕೂತ್ಕೋ, ಇದರಲ್ಲಿ ಯಾರ್ಯಾರ ಮುಖ ಇದೆ ಹೇಳು” ಎಂದು ಕುರ್ಚಿ ಎಳೆದು ಕೊಟ್ಟೆ.